ನಡುವಿನ ಪುಟಗಳು

ಹೋದ ಸೆಮಿಸ್ಟರ್‌ನಲ್ಲಿ ಒಂದು ಬೆಳಿಗ್ಗೆ ಮೂರನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ನನ್ನ ಕೋಣೆಗೆ ಬಂದಳು. ಕೂತ್ಕೋ ಅಂದರೂ ಕೂರಲಿಲ್ಲ. ಬ್ಯಾಗಿನ ಪಟ್ಟಿ ಹಿಡಿದುಕೊಂಡೇ, "ಮೇಡಂ, ನಾನು ಮಾಸ್ಟರ್ಸ್‌ಗೆ ಅಪ್ಲೈ ಮಾಡಲ್ಲ" ಅಂದಳು.

ಏನು ಹೇಳಬೇಕೋ ನನಗೆ ತೋಚಲಿಲ್ಲ. ಯಾಕೆಂದರೆ ಅದಕ್ಕೆ ಎರಡೇ ದಿನ ಮುಂಚೆ ಇದೇ ಹುಡುಗಿ ತರಗತಿಯಲ್ಲಿ ಯಾರಿಗೂ ಬಗೆಹರಿಯದ ಒಂದು ಲೆಕ್ಕ ಬಿಡಿಸಿ ತಂದಿದ್ದಳು. ಭಾಗಲಬ್ಧ ಸಂಖ್ಯೆಗಳಲ್ಲೆಲ್ಲ (ಅಂದರೆ ಭಿನ್ನರಾಶಿಯಾಗಿ ಬರೆಯಬಹುದಾದ ಸಂಖ್ಯೆಗಳಲ್ಲಿ) ಕಂಟಿನ್ಯೂಯಸ್, ಅಂದರೆ ಹಠಾತ್ ಜಿಗಿತವಿಲ್ಲದೆ ಆಗಿದ್ದು, ಅಭಾಗಲಬ್ಧ ಸಂಖ್ಯೆಗಳಲ್ಲಿ ಎಲ್ಲೂ ಕಂಟಿನ್ಯೂಯಸ್ ಆಗಿರದ ಫಂಕ್ಷನ್ ಇರಬಹುದೇ ಅನ್ನೋದು ಪ್ರಶ್ನೆ. ಅಂಥದ್ದು ಇರಲು ಸಾಧ್ಯವಿಲ್ಲ ಅಂತ ಸಾಧಿಸಿ ತೋರಿಸಬೇಕು. ನಾಲ್ಕು ದಿನ ಅದರ ಹಿಂದೆ ಬಿದ್ದಿದ್ದಳು. ಉತ್ತರ ತೋರಿಸುವಾಗ ಅವಳ ಮುಖದಲ್ಲಿದ್ದ ಬೆಳಕು ನನಗೆ ಈಗಲೂ ನೆನಪಿದೆ. ಆ ಲೆಕ್ಕಕ್ಕೆ ಅಂಕ ಕೂಡ ಇರಲಿಲ್ಲ.

"ಏನಾಯ್ತು?" ಅಂದೆ.

ಆಗಿದ್ದು ಇಷ್ಟೇ. ಹಿಂದಿನ ರಾತ್ರಿ ಮಲಗುವ ಮುಂಚೆ ಫೋನ್ ನೋಡಿದ್ದಳು. ಒಬ್ಬ ಸಹಪಾಠಿಗೆ ದೊಡ್ಡ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಇನ್ನೊಬ್ಬಳ ಪ್ರಬಂಧ ಸಮ್ಮೇಳನಕ್ಕೆ ಆಯ್ಕೆಯಾಗಿತ್ತು. ಪರಿಚಯವೇ ಇಲ್ಲದ, ಅವಳದೇ ವಯಸ್ಸಿನ ಹುಡುಗನೊಬ್ಬ ತನ್ನ ಎರಡನೇ ಇಂಟರ್ನ್‌ಶಿಪ್‌ನ ಮೊದಲ ದಿನದ ಫೋಟೋ ಹಾಕಿದ್ದ. ಮೂರು ಪೋಸ್ಟ್. ಎಲ್ಲ ಸೇರಿ ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ.

"ಅವರೆಲ್ಲ ಎಲ್ಲೋ ಹೋಗಿಬಿಟ್ಟಿದ್ದಾರೆ ಮೇಡಂ. ನಾನು ಇನ್ನೂ ಒಂದು ಲೆಕ್ಕಕ್ಕೆ ನಾಲ್ಕು ದಿನ ತಗೊಳ್ತಾ ಇದ್ದೀನಿ."

ಎರಡು ದಿನದ ಹಿಂದೆ ಯಾವ ನಾಲ್ಕು ದಿನ ಅವಳಿಗೆ ಹೆಮ್ಮೆ ತಂದಿದ್ದವೋ, ಅವೇ ನಾಲ್ಕು ದಿನ ಈಗ ಅವಳ ಕೈಲಾಗದು ಅನ್ನೋದಕ್ಕೆ ಸಾಕ್ಷಿಯಾಗಿ ನಿಂತಿದ್ದವು. ಲೆಕ್ಕ ಬದಲಾಗಿರಲಿಲ್ಲ. ಅವಳ ಬುದ್ಧಿಯೂ ಬದಲಾಗಿರಲಿಲ್ಲ. ಅವತ್ತು ಅವಳು ಹೋದ ಮೇಲೆ ನನಗೆ ಪಾಠಕ್ಕೆ ಹೋಗುವ ಮನಸ್ಸೇ ಬರಲಿಲ್ಲ.

ಸೋಷಿಯಲ್ ಮೀಡಿಯಾ ಹುಡುಗರನ್ನು ಸೋಮಾರಿಗಳನ್ನಾಗಿ ಮಾಡುತ್ತಿದೆ ಅಂತ ನನ್ನ ಸಹೋದ್ಯೋಗಿಗಳು ಆಗಾಗ ಹೇಳುತ್ತಾರೆ. ನನಗೆ ಹಾಗೆ ಅನ್ನಿಸಿಲ್ಲ. ನಾನು ಪಾಠ ಮಾಡುವ ಮಕ್ಕಳಲ್ಲಿ ಏನಾದರೂ ಸಾಧಿಸಬೇಕು ಅನ್ನುವ ಆಸೆ ಮೊದಲಿಗಿಂತ ಜಾಸ್ತಿಯೇ ಇದೆ. ಎಷ್ಟೋ ಸಲ ಅದು ಅವರನ್ನು ಸುಡುವಷ್ಟು ಇದೆ. ಕಡಿಮೆಯಾಗುತ್ತಿರುವುದು ಬೇರೆ ಒಂದು. ಇಲ್ಲಿಂದ ಅಲ್ಲಿಗೆ ದಾರಿ ಇದೆ, ಆ ದಾರಿಯಲ್ಲಿ ನಾನು ಇದ್ದೇನೆ ಅನ್ನುವ ನಂಬಿಕೆ. ಆಸೆ ಇದ್ದು ಈ ನಂಬಿಕೆ ಇಲ್ಲದಿದ್ದರೆ ಪುಸ್ತಕ ತೆರೆಯಲು ಕೈ ಏಳುವುದಿಲ್ಲ. ಹೊರಗಿನಿಂದ ನೋಡುವವರಿಗೆ ಅದು ಸೋಮಾರಿತನದ ಹಾಗೆಯೇ ಕಾಣುತ್ತದೆ.

ನನಗೆ ಇದು ಓದಿ ತಿಳಿದ ಮಾತಲ್ಲ. ಪಿಎಚ್‌ಡಿಯ ಎರಡನೇ ವರ್ಷದಲ್ಲಿ ನನ್ನ ಜೊತೆಗೇ ಸೇರಿದ್ದ ಗೆಳತಿಯೊಬ್ಬಳು ಒಂದು ಸಂಜೆ ತನ್ನ ಮೊದಲ ಪ್ರಬಂಧ ಪ್ರಕಟವಾದ ಸುದ್ದಿ ಹಾಕಿದಳು. ನಾನು ಅಭಿನಂದನೆ ಬರೆದೆ, ಮನಸಾರೆಯೇ ಬರೆದೆ. ಆಮೇಲೆ ಮೂರು ವಾರ ನನ್ನ ಕೆಲಸ ಮುಟ್ಟಲಿಲ್ಲ. ದಿನಾ ಮೇಜಿನ ಮುಂದೆ ಕೂರುತ್ತಿದ್ದೆ, ಒಂದು ಸಾಲು ಬರೆದು ಅಳಿಸುತ್ತಿದ್ದೆ, ಎದ್ದು ಹೋಗುತ್ತಿದ್ದೆ. ಎಷ್ಟೋ ತಿಂಗಳ ನಂತರ ಅವಳೇ ಹೇಳಿದಳು: ಆ ಪ್ರಬಂಧ ನಾಲ್ಕು ಪತ್ರಿಕೆಗಳಿಂದ ತಿರಸ್ಕಾರವಾಗಿ ವಾಪಸ್ ಬಂದಿತ್ತಂತೆ. ಒಂದು ಹಂತದಲ್ಲಿ ಅವಳೂ ಪಿಎಚ್‌ಡಿ ಬಿಡುವ ಯೋಚನೆ ಮಾಡಿದ್ದಳಂತೆ. ನಾವಿಬ್ಬರೂ ಒಂದೇ ಕಟ್ಟಡದಲ್ಲಿ, ಒಂದೇ ಮಹಡಿಯಲ್ಲಿ, ಒಂದೇ ಭಯ ಇಟ್ಟುಕೊಂಡು ಕೂತಿದ್ದೆವು. ನನಗೆ ಗೊತ್ತಾಗಿದ್ದು ಮಾತ್ರ ಅವಳ ಗೆಲುವು.

ಬೇರೆಯವರ ಜೊತೆ ಹೋಲಿಸಿಕೊಳ್ಳುವುದನ್ನು ಫೋನ್ ನಮಗೆ ಕಲಿಸಿದ್ದಲ್ಲ. ಲಿಯಾನ್ ಫೆಸ್ಟಿಂಗರ್ ಅನ್ನುವ ಮನಶ್ಶಾಸ್ತ್ರಜ್ಞ 1954ರಲ್ಲೇ ಇದರ ಬಗ್ಗೆ ಬರೆದಿದ್ದ. ನಾನು ಎಷ್ಟರವನು ಅಂತ ಅಳೆಯಲು ಬೇರೆ ಅಳತೆಗೋಲು ಸಿಗದಿದ್ದಾಗ ಮನುಷ್ಯ ಪಕ್ಕದವನನ್ನು ನೋಡುತ್ತಾನೆ, ಅದರಲ್ಲೂ ತನ್ನ ಹಾಗೇ ಇರುವವನನ್ನು ನೋಡುತ್ತಾನೆ ಅನ್ನುವುದು ಅವನ ವಾದ. ವಿಶ್ವವಿದ್ಯಾಲಯದಲ್ಲಿ ಇದು ಎಲ್ಲ ಕಡೆಗಿಂತ ಜಾಸ್ತಿ. ಎಲ್ಲರದೂ ಒಂದೇ ವಯಸ್ಸು, ಒಂದೇ ಪರೀಕ್ಷೆ, ಮುಂದೇನು ಅಂತ ಯಾರಿಗೂ ಗೊತ್ತಿಲ್ಲ. ಹೋಲಿಕೆ ಹುಟ್ಟಲು ಇದಕ್ಕಿಂತ ಹದವಾದ ನೆಲ ಬೇಕಾ? ಫೇಸ್‌ಬುಕ್ ಹುಟ್ಟಿದ್ದು ಕೂಡ ಇಂಥ ನೆಲದಲ್ಲೇ. 2004ರ ಫೆಬ್ರವರಿಯಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿಗಳಿಗೆ ಮಾತ್ರ ಅಂತ ಶುರುವಾಯಿತು. ಆಮೇಲೆ ಒಂದೊಂದೇ ಕಾಲೇಜಿಗೆ ತೆರೆದುಕೊಂಡಿತು. ಎಲ್ಲರಿಗೂ ಸಿಕ್ಕಿದ್ದು 2006ರಲ್ಲಿ.

ಹೀಗೆ ಒಂದೊಂದೇ ಕಾಲೇಜಿಗೆ ಹೋದ ಕಾರಣದಿಂದಲೇ ಮುಂದೆ ಒಂದು ಒಳ್ಳೆಯ ಅಧ್ಯಯನ ಸಾಧ್ಯವಾಯಿತು. ಬ್ರಾಗಿಯೇರಿ, ಲೆವಿ, ಮಕಾರಿನ್ ಅನ್ನುವ ಮೂವರು ಅರ್ಥಶಾಸ್ತ್ರಜ್ಞರು, ಫೇಸ್‌ಬುಕ್ ಮೊದಲು ಬಂದ ಕಾಲೇಜುಗಳನ್ನೂ ತಡವಾಗಿ ಬಂದ ಕಾಲೇಜುಗಳನ್ನೂ ಇಟ್ಟು ನೋಡಿದರು. 2022ರಲ್ಲಿ ಪ್ರಕಟವಾಯಿತು. ಫೇಸ್‌ಬುಕ್ ಬಂದ ಕಡೆ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುಗ್ಗಿತ್ತು. ಮನಸ್ಸು ಸರಿ ಇಲ್ಲದ್ದರಿಂದ ಓದಿಗೆ ಪೆಟ್ಟು ಬಿತ್ತು ಅಂತ ಹೇಳುವವರೂ ಜಾಸ್ತಿಯಾಗಿದ್ದರು. ಇದಕ್ಕೆ ಹೋಲಿಕೆಯೇ ಕಾರಣವಿರಬಹುದು ಅಂತ ಅವರು ತೋರಿಸಿದರು. ನೆನಪಿಡಿ, ಆಗ ರೀಲ್ಸ್ ಇರಲಿಲ್ಲ, ಲೈಕ್ ಬಟನ್ ಕೂಡ ಇರಲಿಲ್ಲ. ಅದು ಬಂದಿದ್ದು 2009ರಲ್ಲಿ.

ನಾನು ಗಣಿತದವಳು. ಹಾಗಾಗಿ ಆ ಹುಡುಗಿಗೆ ಮೊದಲು ಹೇಳಬೇಕು ಅನ್ನಿಸಿದ್ದು ಒಂದು ಲೆಕ್ಕ. ಸುಮ್ನೆ ಹೀಗೆ ಅಂದುಕೊಳ್ಳಿ. ನಿಮ್ಮ ಫೀಡ್‌ನಲ್ಲಿ 300 ಜನ ಓದುವವರಿದ್ದಾರೆ. ಪ್ರತಿಯೊಬ್ಬರಿಗೂ ಎರಡು ತಿಂಗಳಿಗೆ ಒಂದು ಸಲ ಹೇಳಿಕೊಳ್ಳುವಂಥ ಒಳ್ಳೆಯ ಸುದ್ದಿ ಸಿಗುತ್ತದೆ. ನಿಮಗೂ ಅಷ್ಟೇ, ಎರಡು ತಿಂಗಳಿಗೆ ಒಂದು. ಎಲ್ಲರೂ ಸಮ, ಯಾರೂ ಮುಂದಿಲ್ಲ, ಯಾರೂ ಹಿಂದಿಲ್ಲ. ಆದರೂ ನಿಮ್ಮ ಫೋನಿಗೆ ದಿನಕ್ಕೆ ಐದು ಗೆಲುವು ಬಂದು ಬೀಳುತ್ತದೆ. ನಿಮ್ಮ ಬದುಕಿನಲ್ಲಿ 60 ದಿನಕ್ಕೆ ಒಂದೇ. ಆ ಐದು ಸುದ್ದಿ ಐದು ಬೇರೆ ಬೇರೆ ಜನರದ್ದು ಅನ್ನೋದನ್ನು ಮನಸ್ಸು ಲೆಕ್ಕ ಇಡುವುದಿಲ್ಲ. 'ಅವರೆಲ್ಲ' ಅಂತ ಒಬ್ಬ ದೊಡ್ಡ ಮನುಷ್ಯನನ್ನು ಕಟ್ಟಿಕೊಳ್ಳುತ್ತದೆ. ದಿನಕ್ಕೆ ಐದು ಸಲ ಗೆಲ್ಲುವ ಆ ಮನುಷ್ಯನ ಮುಂದೆ ನಾವು ಒಬ್ಬರೇ ನಿಲ್ಲುತ್ತೇವೆ. ಅಂಥ ಮನುಷ್ಯ ಎಲ್ಲೂ ಇಲ್ಲ.

ಇದು ಎಲ್ಲರೂ ಸಮ ಅಂತ ಇಟ್ಟುಕೊಂಡಾಗ. ನಿಜದಲ್ಲಿ ಇನ್ನೊಂದು ತೊಡಕಿದೆ. ಸಮಾಜಶಾಸ್ತ್ರಜ್ಞ ಸ್ಕಾಟ್ ಫೆಲ್ಡ್ 1991ರಲ್ಲಿ ಒಂದು ವಿಚಿತ್ರ ಸಂಗತಿ ತೋರಿಸಿದ: ಹೆಚ್ಚಿನ ಜನರ ಗೆಳೆಯರಿಗೆ ಅವರಿಗಿಂತ ಜಾಸ್ತಿ ಗೆಳೆಯರಿರುತ್ತಾರೆ. ಕೇಳಿದರೆ ನಂಬಿಕೆ ಬರಲ್ಲ ಅಲ್ವಾ? ಐದು ಜನರ ಗುಂಪು ತಗೊಳ್ಳಿ. ಒಬ್ಬನಿಗೆ ಉಳಿದ ನಾಲ್ವರೂ ಗೆಳೆಯರು. ಆ ನಾಲ್ವರಿಗೆ ಅವನೊಬ್ಬನೇ. ಈಗ ಆ ನಾಲ್ವರಲ್ಲಿ ಯಾರನ್ನು ಕೇಳಿದರೂ, ನನ್ನ ಗೆಳೆಯನಿಗೆ ನಾಲ್ಕು ಜನ, ನನಗೆ ಒಬ್ಬನೇ ಅನ್ನುತ್ತಾರೆ. ಜಾಸ್ತಿ ಜನರಿಗೆ ಗೊತ್ತಿರುವವನು ಜಾಸ್ತಿ ಜನರ ಕಣ್ಣಿಗೆ ಬೀಳುತ್ತಾನೆ, ಅಷ್ಟೇ. ಸಂಶೋಧಕರ ವಿಷಯದಲ್ಲೂ ಹೀಗೇ ಇದೆ ಅಂತ 2014ರಲ್ಲಿ ಯೊಮ್ ಮತ್ತು ಜೊ ಅನ್ನುವವರು ತೋರಿಸಿದ್ದಾರೆ. ನಮ್ಮ ಜೊತೆ ಪ್ರಬಂಧ ಬರೆದವರನ್ನು ನೋಡಿದರೆ, ಸಾಮಾನ್ಯವಾಗಿ ಅವರ ಪ್ರಬಂಧಗಳನ್ನು ಉಲ್ಲೇಖಿಸಿದವರು ನಮ್ಮದನ್ನು ಉಲ್ಲೇಖಿಸಿದವರಿಗಿಂತ ಜಾಸ್ತಿ ಇರುತ್ತಾರೆ. ಅಂದರೆ ಫೀಡ್ ತೆರೆದಾಗ ನಾನು ಹಿಂದೆ ಬಿದ್ದಿದ್ದೇನೆ ಅನ್ನಿಸುವುದು ಹಿಂದೆ ಬಿದ್ದವರಿಗೆ ಮಾತ್ರ ಆಗುವ ಅನುಭವವಲ್ಲ. ಜಾಲದ ಆಕಾರವೇ ಹಾಗಿದೆ. ಚೆನ್ನಾಗಿ ಓದುತ್ತಿರುವವರಿಗೂ ಅದು ಹಾಗೆಯೇ ಕಾಣುತ್ತದೆ.

ಈ ಲೆಕ್ಕ ಹೇಳಿದರೆ ಮಕ್ಕಳು ತಲೆಯಾಡಿಸುತ್ತಾರೆ. ಅರ್ಥವಾಗುತ್ತದೆ. ಆದರೆ ಮನಸ್ಸಿನ ಭಾರ ಇಳಿಯುವುದಿಲ್ಲ. ಯಾಕೆ ಅಂತ ನಾನು ತುಂಬ ಯೋಚಿಸಿದ್ದೇನೆ.

ಲಾಕ್‌ವುಡ್ ಮತ್ತು ಕುಂದಾ ಅನ್ನುವ ಇಬ್ಬರು 1997ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಇಲ್ಲಿ ದಾರಿ ತೋರಿಸಿತು. ಅಕೌಂಟಿಂಗ್ ಓದುತ್ತಿದ್ದ ವಿದ್ಯಾರ್ಥಿಗಳಿಗೆ ಅವರು ಒಂದು ಪತ್ರಿಕಾ ವರದಿ ಓದಲು ಕೊಟ್ಟರು. ಅದರಲ್ಲಿ ಅದೇ ವಿಷಯದ ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬರ ಅದ್ಭುತ ಸಾಧನೆಯ ಕಥೆ ಇತ್ತು. ಮೊದಲ ವರ್ಷದವರು ಓದಿದಾಗ ಅವರಿಗೆ ಹುರುಪು ಬಂತು. ತಮ್ಮ ಬಗ್ಗೆ ತಮಗಿದ್ದ ಅಭಿಪ್ರಾಯವೇ ಮೇಲೆ ಹೋಯಿತು. ನಾಲ್ಕನೇ ವರ್ಷದವರು ಅದೇ ವರದಿ ಓದಿದಾಗ ಹಾಗಾಗಲಿಲ್ಲ. ಕಥೆ ಒಂದೇ. ವ್ಯತ್ಯಾಸ ಇದ್ದಿದ್ದು ಓದಿದವರ ಮುಂದೆ ಉಳಿದಿದ್ದ ಸಮಯದಲ್ಲಿ. ಮೊದಲ ವರ್ಷದವನಿಗೆ ಇನ್ನೂ ಮೂರು ವರ್ಷ ಇದೆ, ನಾನೂ ಹೀಗಾಗಬಹುದು ಅನ್ನಿಸುತ್ತದೆ. ನಾಲ್ಕನೇ ವರ್ಷದವನಿಗೆ ಆ ಬಾಗಿಲು ಮುಚ್ಚಿದೆ.

ಹಾಗಾದರೆ ಬೇರೆಯವರ ಗೆಲುವು ತಾನಾಗಿಯೇ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ನಮಗೂ ಅದಕ್ಕೂ ನಡುವೆ ದಾರಿ ಕಂಡರೆ ಛಲ ಹುಟ್ಟುತ್ತದೆ. ಕಾಣದಿದ್ದರೆ ಮನಸ್ಸು ಕುಸಿಯುತ್ತದೆ. ಸೋಷಿಯಲ್ ಮೀಡಿಯಾದ ಮೇಲೆ ನನಗಿರುವ ದೊಡ್ಡ ತಕರಾರು ಇದೇ ಜಾಗದಲ್ಲಿದೆ. ಅದು ಗೆಲುವನ್ನು ತೋರಿಸುತ್ತದೆ, ದಾರಿಯನ್ನು ಮರೆಮಾಡುತ್ತದೆ. ಯಾರೂ ಬೇಕಂತ ಮಾಡುವುದಲ್ಲ. ಫೋಟೋ ತೆಗೆಯುವಂಥ ಕ್ಷಣ ಬರುವುದೇ ಕೊನೆಯಲ್ಲಿ. ನಾಲ್ಕು ದಿನ ಒಂದೇ ಲೆಕ್ಕದ ಮುಂದೆ ಕೂತಿರುವುದನ್ನು ಯಾರು ಫೋಟೋ ಹಾಕುತ್ತಾರೆ?

ಗಣಿತ ಓದುವವರಿಗೆ ಈ ಮರೆಮಾಚುವಿಕೆ ಹಳೆಯ ಪರಿಚಯ. ಪಠ್ಯಪುಸ್ತಕದಲ್ಲಿ ಒಂದು ಪ್ರಮೇಯದ ಸಾಧನೆ (ಪ್ರೂಫ್) ಹತ್ತು ಸಾಲಿನಲ್ಲಿ ಮುಗಿದಿರುತ್ತದೆ. ಎಲ್ಲೂ ಒಂದು ತಪ್ಪಿಲ್ಲ, ಒಂದು ಗೀಟು ಹೊಡೆದಿಲ್ಲ. ಅದನ್ನು ಮೊದಲು ಕಂಡುಕೊಂಡವರು ಎಷ್ಟು ತಿಂಗಳು ತಪ್ಪು ದಿಕ್ಕಿನಲ್ಲಿ ನಡೆದರು ಅನ್ನುವುದು ಅಲ್ಲಿ ಇರುವುದಿಲ್ಲ. ಮೊದಲ ವರ್ಷದ ಮಕ್ಕಳು ಅದನ್ನು ಓದಿ, ಇದು ನನಗೆ ಹೊಳೆಯುತ್ತಲೇ ಇರಲಿಲ್ಲ, ನಾನು ಗಣಿತಕ್ಕೆ ಲಾಯಕ್ಕಲ್ಲ ಅಂದುಕೊಳ್ಳುತ್ತಾರೆ. ಪುಸ್ತಕದ ಈ ಅಭ್ಯಾಸ ಎಷ್ಟು ಮಕ್ಕಳನ್ನು ಹೆದರಿಸಿದೆಯೋ! ಈಗ ಬದುಕು ಪೂರ್ತಿ ಹಾಗೆಯೇ ಕಾಣತೊಡಗಿದೆ. ಎಲ್ಲರ ಬಾಳೂ ಗೀಟಿಲ್ಲದ ಹತ್ತು ಸಾಲು.

2016ರಲ್ಲಿ ಟಾಡ್ ರಾಜರ್ಸ್ ಮತ್ತು ಆವಿ ಫೆಲ್ಲರ್ ಪ್ರಕಟಿಸಿದ ಅಧ್ಯಯನ ಓದಿದಾಗ ನನ್ನ ಮೈ ಜುಂ ಅಂದಿತ್ತು. ಸಾವಿರಾರು ಜನ ಸೇರಿದ್ದ ಒಂದು ಆನ್‌ಲೈನ್ ಕೋರ್ಸ್. ಪ್ರತಿಯೊಬ್ಬರೂ ಒಂದು ಪ್ರಬಂಧ ಬರೆಯಬೇಕು, ಜೊತೆಗೆ ಬೇರೆಯವರ ಕೆಲವು ಪ್ರಬಂಧಗಳಿಗೆ ಅಂಕ ಕೊಡಬೇಕು. ಯಾರಿಗೆ ಯಾವ ಪ್ರಬಂಧ ಬರುತ್ತದೆ ಅನ್ನುವುದು ಚೀಟಿ ಎತ್ತಿದ ಹಾಗೆ. ತುಂಬ ಚೆನ್ನಾಗಿದ್ದ ಪ್ರಬಂಧಗಳನ್ನು ಓದುವ ಪಾಲು ಬಂದವರು ಕೋರ್ಸನ್ನೇ ಅರ್ಧಕ್ಕೆ ಬಿಡುವುದು ಜಾಸ್ತಿಯಾಯಿತು. ಎಲ್ಲರೂ ಹೀಗೇ ಬರೆಯುತ್ತಾರೆ ಅಂತ ಅವರು ತಿಳಿದುಕೊಂಡಿದ್ದರು. ಕೈಗೆ ಬಂದಿದ್ದು ತರಗತಿಯ ತುದಿ. ಅವರು ಅದನ್ನು ತರಗತಿಯ ನಡುಮಟ್ಟ ಅಂದುಕೊಂಡರು. ಫೋನ್ ಪ್ರತಿ ರಾತ್ರಿ ನಮ್ಮ ಮಕ್ಕಳ ಕೈಗೆ ಕೊಡುತ್ತಿರುವುದು ಇಂಥ ಪ್ರಬಂಧಗಳನ್ನೇ ಅಲ್ವಾ?

ಇನ್ನೊಂದು ಬದಲಾವಣೆ ಇದಕ್ಕಿಂತ ಮೆಲ್ಲಗೆ ಆಗುತ್ತದೆ. ನೋವಾಗುವುದಿಲ್ಲವಾದ್ದರಿಂದ ಗೊತ್ತೂ ಆಗುವುದಿಲ್ಲ. ಕೆಲಸ ಯಾಕೆ ಮಾಡುತ್ತಿದ್ದೇವೆ ಅನ್ನುವ ಕಾರಣವೇ ಜಾಗ ಬದಲಿಸುತ್ತದೆ.

1973ರಲ್ಲಿ ಲೆಪ್ಪರ್, ಗ್ರೀನ್, ನಿಸ್‌ಬೆಟ್ ಅನ್ನುವವರು ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಬಣ್ಣದ ಪೆನ್ನಿನಲ್ಲಿ ಚಿತ್ರ ಬರೆಯುವುದು ಅಂದರೆ ಆ ಮಕ್ಕಳಿಗೆ ಮೊದಲೇ ಇಷ್ಟ. ಕೆಲವರಿಗೆ, ಚಿತ್ರ ಬರೆದರೆ ಚಿನ್ನದ ಮುದ್ರೆಯ ಪ್ರಶಸ್ತಿಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಒಂದೆರಡು ವಾರದ ನಂತರ ಪೆನ್ನುಗಳನ್ನು ಸುಮ್ನೆ ಮೇಜಿನ ಮೇಲೆ ಇಟ್ಟು ನೋಡಿದರೆ, ಆ ಮಕ್ಕಳು ಬೇರೆಯವರಿಗಿಂತ ತುಂಬ ಕಡಿಮೆ ಹೊತ್ತು ಚಿತ್ರ ಬರೆದರು. ಬಹುಮಾನ ಇಲ್ಲದ ಮೇಲೆ ಬರೆಯುವುದು ಯಾಕೆ ಅನ್ನುವ ಹಾಗೆ. ಏನೂ ಹೇಳದೆ ಕೊನೆಯಲ್ಲಿ ಅನಿರೀಕ್ಷಿತವಾಗಿ ಪತ್ರ ಪಡೆದ ಮಕ್ಕಳಲ್ಲಿ ಹೀಗಾಗಲಿಲ್ಲ. ಕೆಡಿಸಿದ್ದು ಬಹುಮಾನ ಬರುತ್ತದೆ ಅಂತ ಕಾಯುತ್ತಾ ಕೆಲಸ ಮಾಡಿದ್ದು.

ಲೈಕ್ ಕೂಡ ಅಂಥ ಪ್ರಶಸ್ತಿಪತ್ರವೇ. ಅದು ದಿನಕ್ಕೆ ಹತ್ತು ಸಲ ಬರುತ್ತದೆ. ಒಂದು ಪುಸ್ತಕ ಓದುವಾಗಲೇ ಅದರ ಬಗ್ಗೆ ಏನು ಸ್ಟೋರಿ ಹಾಕಲಿ ಅನ್ನುವ ಯೋಚನೆ ಬಂದರೆ, ಪುಸ್ತಕದ ಜೊತೆ ಇದ್ದ ಸಂಬಂಧದೊಳಕ್ಕೆ ಮೂರನೆಯವರೊಬ್ಬರು ಬಂದು ಕೂತ ಹಾಗೆ. ನನ್ನ ಒಬ್ಬ ವಿದ್ಯಾರ್ಥಿ ಒಂದು ಸಲ ನೇರವಾಗಿಯೇ ಹೇಳಿದ: "ಮೇಡಂ, ಯಾವ ಪ್ರಾಜೆಕ್ಟ್ ತಗೊಂಡರೆ ಲಿಂಕ್ಡ್‌ಇನ್‌ನಲ್ಲಿ ಚೆನ್ನಾಗಿ ಕಾಣುತ್ತೆ ಅಂತ ಯೋಚಿಸ್ತಿದ್ದೀನಿ." ಅವನನ್ನು ನಾನು ತಪ್ಪು ಅನ್ನಲಾರೆ. ಕೆಲಸ ಕೊಡುವವರು ಅಲ್ಲಿ ನೋಡುತ್ತಾರೆ, ಅದು ಅವನಿಗೆ ಗೊತ್ತು. ಆದರೆ ಎರಡು ವರ್ಷ ಮುಂಚೆ ಇದೇ ಹುಡುಗ ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಪ್ರಶ್ನೆ ಹಿಡಿದುಕೊಂಡು ತರಗತಿ ಮುಗಿದ ಮೇಲೂ ನನ್ನ ಹಿಂದೆ ಬರುತ್ತಿದ್ದ. ಆ ಪ್ರಶ್ನೆಗಳು ಎಲ್ಲಿ ಹೋದವು ಅಂತ ನನಗೆ ಸಂಕಟವಾಗುತ್ತದೆ.

ಗುರಿಯನ್ನು ಮೊದಲೇ ಸಾರಿಬಿಡುವುದರಲ್ಲೂ ಒಂದು ಮೋಸ ಇದೆ. ಎಲ್ಲರಿಗೂ ಹೇಳಿಬಿಟ್ಟರೆ ಮಾಡಲೇಬೇಕಾಗುತ್ತದೆ, ಛಲ ಜಾಸ್ತಿಯಾಗುತ್ತದೆ ಅಂತ ನಾನೂ ನಂಬಿದ್ದೆ. ಪೀಟರ್ ಗೊಲ್‌ವಿಟ್ಜರ್ ಮತ್ತು ಸಂಗಡಿಗರು 2009ರಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶ ಪ್ರಕಟಿಸಿದರು. ಕಾನೂನು ವಿದ್ಯಾರ್ಥಿಗಳಲ್ಲಿ, ಒಳ್ಳೆಯ ವಕೀಲರಾಗಲು ಹೆಚ್ಚು ಓದುತ್ತೇವೆ ಅನ್ನುವ ಸಂಕಲ್ಪವನ್ನು ಬೇರೆಯವರು ಗಮನಿಸಿ ಒಪ್ಪಿಕೊಂಡಾಗ, ಅವರು ಆಮೇಲೆ ಕೆಲಸದ ಮೇಲೆ ಹಾಕಿದ ಹೊತ್ತು ಕಡಿಮೆಯಾಯಿತು. ನೀನು ಅಂಥವನು ಅಂತ ನಾಲ್ಕು ಜನ ಆಗಲೇ ಒಪ್ಪಿಬಿಟ್ಟರೆ, ಅಂಥವನಾಗುವ ತುರ್ತು ಎಲ್ಲಿಂದ ಬರಬೇಕು?

ಗಣಿತಜ್ಞ ಆಂಡ್ರ್ಯೂ ವೈಲ್ಸ್ ಅವರ ಕಥೆಯನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಸಾಧಿಸಲಾಗದಿದ್ದ ಫೆರ್ಮಾನ ಕೊನೆಯ ಪ್ರಮೇಯದ ಮೇಲೆ ಅವರು ಸುಮಾರು ಏಳು ವರ್ಷ ಯಾರಿಗೂ ಹೇಳದೆ ಕೆಲಸ ಮಾಡಿದರು. ಕೊನೆಗೆ ಒಬ್ಬರಾದರೂ ಪರೀಕ್ಷಿಸಿ ನೋಡಬೇಕಾಗಿತ್ತು. ಅದಕ್ಕೆ ಸಹೋದ್ಯೋಗಿ ನಿಕ್ ಕಾಟ್ಜ್ ಅವರಿಗೆ ಗುಟ್ಟು ಹೇಳಿದರು. ಯಾರಿಗೂ ಅನುಮಾನ ಬಾರದಿರಲಿ ಅಂತ ಅದನ್ನು ಒಂದು ಕೋರ್ಸ್‌ನ ಹಾಗೆ ಪಾಠ ಮಾಡಿದರು. ಉಳಿದ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಿಟ್ಟು ಹೋದರು. ಕೊನೆಗೆ ಕೇಳುವವರು ಕಾಟ್ಜ್ ಒಬ್ಬರೇ. 1993ರ ಜೂನ್‌ನಲ್ಲಿ ವೈಲ್ಸ್ ಫಲಿತಾಂಶ ಸಾರಿದರು, ಜಗತ್ತೇ ಕೊಂಡಾಡಿತು. ಆಮೇಲೆ ಅದರಲ್ಲಿ ಒಂದು ದೊಡ್ಡ ಬಿರುಕು ಕಂಡಿತು. ಅದನ್ನು ಸರಿಪಡಿಸಲು 1994ರ ಸೆಪ್ಟೆಂಬರ್‌ವರೆಗೆ ಹಿಡಿಯಿತು, ತಮ್ಮ ಹಳೆಯ ವಿದ್ಯಾರ್ಥಿ ರಿಚರ್ಡ್ ಟೇಲರ್ ಅವರನ್ನು ಜೊತೆಗೆ ಕರೆದುಕೊಂಡ ಮೇಲೆ. ಮಕ್ಕಳು ಈ ಕಥೆಯಲ್ಲಿ ಏಳು ವರ್ಷದ ಗುಟ್ಟನ್ನು ನೆನಪಿಟ್ಟುಕೊಳ್ಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಕಾಟ್ಜ್ ಮತ್ತು ಟೇಲರ್. ವೈಲ್ಸ್ ಅವರಿಗೆ ಬೇಕಾಗಿದ್ದು ಚಪ್ಪಾಳೆ ಹೊಡೆಯುವ ಸಾವಿರ ಜನ ಆಗಿರಲಿಲ್ಲ. ಮುಗಿಯದ ಕೆಲಸವನ್ನು ಹಾಗೆಯೇ ನೋಡಿ, ಇಲ್ಲಿ ತಪ್ಪಿದೆ ಅನ್ನುವ ಒಬ್ಬಿಬ್ಬರು.

ಗಮನ ಚದುರುವ ವಿಷಯ ಎಲ್ಲರಿಗೂ ಗೊತ್ತಿರುವುದೇ, ಅದನ್ನು ಬೆಳೆಸುವುದಿಲ್ಲ. ಪುಟ ಮುಗಿಯದೆ ಕೆಳಕ್ಕೆ ಇಳಿಯುತ್ತಲೇ ಹೋಗುವ ಸ್ಕ್ರಾಲ್ ಅನ್ನು 2006ರಲ್ಲಿ ರೂಪಿಸಿದ ಆಝಾ ರಾಸ್ಕಿನ್ ಅವರೇ ಆಮೇಲೆ ಅದರ ಬಗ್ಗೆ ವಿಷಾದ ಹೇಳಿಕೊಂಡಿದ್ದಾರೆ. ನಾಲ್ಕು ದಿನ ಒಂದು ಲೆಕ್ಕದ ಜೊತೆ ಇರಬೇಕಾದವರಿಗೆ ಪ್ರತಿ ಹದಿನೈದು ನಿಮಿಷಕ್ಕೆ ಹೊಸದೊಂದು ಬಂದರೆ, ಆ ನಾಲ್ಕು ದಿನ ನಾಲ್ಕು ದಿನವಾಗಿ ಉಳಿಯುವುದಿಲ್ಲ. ಅಷ್ಟು ಸಾಕು.

ಇಷ್ಟು ಹೇಳಿದ ಮೇಲೂ, ಇದನ್ನೆಲ್ಲ ಕಿತ್ತು ಬಿಸಾಡಿ ಅಂತ ನಾನು ಯಾವ ವಿದ್ಯಾರ್ಥಿಗೂ ಹೇಳಲಾರೆ. ಕಾರಣ ನನ್ನ ತರಗತಿಯಲ್ಲೇ ಇದ್ದಾರೆ. ಮನೆಯಲ್ಲಿ ಮೊದಲ ಬಾರಿಗೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಹುಡುಗನೊಬ್ಬನಿಗೆ ಫೆಲೋಶಿಪ್ ಅಂತ ಒಂದು ಇದೆ, ಸಂಶೋಧನೆ ಮಾಡುವವರಿಗೆ ಹಣ ಕೊಡುತ್ತಾರೆ ಅನ್ನುವುದು ಗೊತ್ತಾಗಿದ್ದು ಒಂದು ಪೋಸ್ಟ್‌ನಿಂದ. ಅಪ್ಪ ಅಮ್ಮ ಇಬ್ಬರೂ ಓದಿದ ಮನೆಯ ಮಕ್ಕಳಿಗೆ ಇಂಥ ಮಾತು ಊಟಕ್ಕೆ ಕೂತಾಗಲೇ ಕಿವಿಗೆ ಬೀಳುತ್ತದೆ. ಅವನಿಗೆ ಹೇಳುವವರು ಯಾರಿದ್ದರು? ಅರ್ಜಿಯ ಜೊತೆ ಕೊಡುವ ಪತ್ರವನ್ನು ಹೇಗೆ ಬರೆಯಬೇಕು ಅನ್ನುವುದನ್ನು, ಮುಖವನ್ನೇ ನೋಡದ ಒಬ್ಬ ಹಿರಿಯ ವಿದ್ಯಾರ್ಥಿನಿಯ ವಿಡಿಯೋ ನೋಡಿ ಕಲಿತ. ಆಕೆ ತನ್ನ ಪತ್ರದ ಮೊದಲ ಕರಡು, ಎರಡನೇ ಕರಡು, ಮಾರ್ಗದರ್ಶಕರು ಕೆಂಪಿನಲ್ಲಿ ಗುರುತು ಮಾಡಿದ್ದು ಎಲ್ಲವನ್ನೂ ತೋರಿಸಿದ್ದಳಂತೆ. ಆ ಹುಡುಗ ನನಗೆ ಹೇಳಿದ್ದು ಇದು: "ಅವರ ಮೊದಲ ಕರಡು ನನ್ನದರಷ್ಟೇ ಕೆಟ್ಟದಾಗಿತ್ತು ಮೇಡಂ. ಅದನ್ನು ನೋಡಿ ಧೈರ್ಯ ಬಂತು."

ಅವನ ಈ ಮಾತು ನನ್ನ ಎಷ್ಟೋ ದಿನದ ಗೊಂದಲ ಬಿಡಿಸಿತು. ಅದೇ ಫೋನ್, ಅದೇ ಫೀಡ್. ಆ ಹುಡುಗಿಯನ್ನು ಕುಸಿಯುವಂತೆ ಮಾಡಿದ್ದೂ ಅದೇ, ಇವನಿಗೆ ಛಲ ಕೊಟ್ಟಿದ್ದೂ ಅದೇ. ಅವಳಿಗೆ ಸಿಕ್ಕಿದ್ದು ಕೊನೆಯ ಪುಟ. ಇವನಿಗೆ ಸಿಕ್ಕಿದ್ದು ನಡುವಿನ ಪುಟಗಳು.

ನಡುವಿನ ಪುಟಗಳನ್ನು ತೋರಿಸಲು ಧೈರ್ಯ ಮಾಡಿದವರಿದ್ದಾರೆ. ಮೆಲಾನಿ ಸ್ಟೆಫಾನ್ ಅನ್ನುವ ವಿಜ್ಞಾನಿ 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆಯುತ್ತಾ, ಸಂಶೋಧಕರು ತಮ್ಮ ಸೋಲುಗಳ ಪಟ್ಟಿಯನ್ನೂ ಇಟ್ಟುಕೊಳ್ಳಬೇಕು ಅಂದರು. 2016ರಲ್ಲಿ ಪ್ರಿನ್ಸ್‌ಟನ್‌ನಲ್ಲಿದ್ದ ಯೊಹಾನೆಸ್ ಹೌಸ್‌ಹೋಫರ್ ನಿಜವಾಗಿಯೂ ಅಂಥದ್ದೊಂದನ್ನು ಎಲ್ಲರಿಗೂ ಕಾಣುವಂತೆ ಹಾಕಿದರು: ಸಿಗದ ಸೀಟುಗಳು, ಸಿಗದ ಹುದ್ದೆಗಳು, ಪತ್ರಿಕೆಗಳು ತಿರಸ್ಕರಿಸಿದ ಪ್ರಬಂಧಗಳು. ಅದು ಜಗತ್ತಿನಾದ್ಯಂತ ಹಬ್ಬಿತು. ಅವರ ಸಂಶೋಧನೆಗಿಂತ ಆ ಪಟ್ಟಿಗೇ ಜಾಸ್ತಿ ಗಮನ ಸಿಕ್ಕಿತು ಅಂತ ಅವರೇ ಬರೆದುಕೊಂಡರು. ಜನ ಅದನ್ನು ಅಷ್ಟು ಆಸೆಯಿಂದ ಓದಿದ್ದು ಯಾಕೆ ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಪ್ರಾಧ್ಯಾಪಕರಾದ ಮೇಲೆ ಸೋಲು ಹೇಳಿಕೊಳ್ಳುವುದು ಸುಲಭ. ಇನ್ನೂ ಏನೂ ಆಗದ 20 ವರ್ಷದವರಿಗೆ ಅದು ಎಷ್ಟು ಕಷ್ಟ ಅನ್ನುವುದನ್ನು ನಾವು ಮರೆಯಬಾರದು. ಅದಕ್ಕೇ ಈ ಕೆಲಸ ಪಾಠ ಮಾಡುವ ನಮ್ಮಿಂದ ಶುರುವಾಗಬೇಕು ಅಂತ ನಾನು ಬಲವಾಗಿ ನಂಬುತ್ತೇನೆ.

ಬಳಕೆ ಕಡಿಮೆ ಮಾಡಿದರೆ ಉಪಯೋಗ ಇದೆಯಾ ಅಂತ ಮಕ್ಕಳು ಕೇಳುತ್ತಾರೆ. ಇದೆ. 2018ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೆಲಿಸ್ಸಾ ಹಂಟ್ ಮತ್ತು ಸಂಗಡಿಗರು 143 ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದರು. ಒಂದು ಗುಂಪು ಮೂರು ವಾರ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಪ್ರತಿಯೊಂದನ್ನೂ ದಿನಕ್ಕೆ 10 ನಿಮಿಷ ಮಾತ್ರ ನೋಡಬೇಕಿತ್ತು. ಅವರಲ್ಲಿ ಒಂಟಿತನ, ಖಿನ್ನತೆ ಇಳಿದವು. ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಎಂದಿನಂತೆ ಬಳಸಿದ ಗುಂಪಿನಲ್ಲೂ ಆತಂಕ ಸ್ವಲ್ಪ ಕಡಿಮೆಯಾಯಿತು. ಎಷ್ಟು ಹೊತ್ತು ನೋಡುತ್ತಿದ್ದೇವೆ ಅಂತ ಅವರೂ ದಿನಾ ಗಮನಿಸಿಕೊಳ್ಳುತ್ತಿದ್ದರು. ಬರೀ ಗಮನಿಸಿದ್ದಕ್ಕೇ ಇಷ್ಟು ಫಲ ಇರಬಹುದು ಅಂತ ಸಂಶೋಧಕರು ಹೇಳಿದರು.

ಅವತ್ತು ಬ್ಯಾಗಿನ ಪಟ್ಟಿ ಹಿಡಿದು ನಿಂತಿದ್ದ ಹುಡುಗಿಗೆ ನಾನು ಇದೇನನ್ನೂ ಹೇಳಲಿಲ್ಲ. ಬೀರುವಿನಿಂದ ನನ್ನ ಪಿಎಚ್‌ಡಿ ಕಾಲದ ಒಂದು ನೋಟ್‌ಬುಕ್ ತೆಗೆದು ಕೈಗೆ ಕೊಟ್ಟೆ. ನನ್ನ ಪ್ರಬಂಧದಲ್ಲಿ ಒಂದೂವರೆ ಪುಟ ಇರುವ ಒಂದು ಸಾಧನೆಗೆ ಆ ನೋಟ್‌ಬುಕ್‌ನಲ್ಲಿ 70 ಪುಟ ಹೋಗಿದೆ. ಹೆಚ್ಚಿನವಕ್ಕೆ ಅಡ್ಡಗೀಟು. ಒಂದು ಪುಟದ ಅಂಚಿನಲ್ಲಿ 'ಇದು ಯಾಕೆ ಆಗ್ತಿಲ್ಲ' ಅಂತ ಮೂರು ಸಲ ಬರೆದಿದೆ. ಆಗ ಕೂತಳು. ತುಂಬ ಹೊತ್ತು ಪುಟ ತಿರುವಿದಳು. "ಇದನ್ನು ಎರಡು ದಿನ ಇಟ್ಕೊಳ್ಳಲಾ?" ಅಂತ ಕೇಳಿದಳು.

ಇಟ್ಟುಕೊಂಡಿದ್ದು ಎರಡು ವಾರ. ಅಷ್ಟರಲ್ಲಿ ಅವಳು ಮತ್ತು ಐದಾರು ಜನ ಸೇರಿ ವಾಟ್ಸಾಪ್‌ನಲ್ಲಿ ಒಂದು ಗ್ರೂಪ್ ಮಾಡಿಕೊಂಡರು. ಅಲ್ಲಿ ಒಂದೇ ನಿಯಮ. ಮುಗಿಯದ ಕೆಲಸ ಮಾತ್ರ ಹಾಕಬೇಕು. ಬಿಡಿಸಿದ ಲೆಕ್ಕ ಹಾಕುವಂತಿಲ್ಲ. ನನ್ನನ್ನೂ ಸೇರಿಸಿಕೊಂಡಿದ್ದಾರೆ, ಆದರೆ ನಾನು ಬಾಯಿ ಹಾಕುವುದಿಲ್ಲ. ಅವಳು ಅರ್ಜಿ ಕಳಿಸಿದ್ದಾಳೆ, ಉತ್ತರ ಇನ್ನೂ ಬಂದಿಲ್ಲ.

ಮೊನ್ನೆ ರಾತ್ರಿ ಹನ್ನೊಂದು ದಾಟಿತ್ತು. ಅವಳು ಒಂದು ಫೋಟೋ ಹಾಕಿದಳು. ಅರ್ಧ ಪುಟ ಬರಹ, ನಡುವೆ ದಪ್ಪ ಗೀಟು, ಕೆಳಗೆ 'ಇಲ್ಲಿಂದ ಮುಂದೆ ಹೋಗ್ತಿಲ್ಲ.' ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಎರಡನೇ ವರ್ಷದ ಹುಡುಗನೊಬ್ಬ ತನ್ನ ಪುಟದ ಫೋಟೋ ಹಾಕಿದ. ಅವನದೂ ಹೆಚ್ಚುಕಡಿಮೆ ಅದೇ ಸಾಲಿನಲ್ಲಿ ನಿಂತಿತ್ತು. 'ನಾನೂ ಇಲ್ಲೇ ಇದ್ದೀನಿ ಅಕ್ಕ. ನಾಳೆ ಲೈಬ್ರರಿಗೆ ಎಷ್ಟು ಹೊತ್ತಿಗೆ ಬರ್ತೀರಾ?'

'ಒಂಬತ್ತಕ್ಕೆ' ಅಂತ ಬರೆದಳು.